ಸ್ನಾತಕೋತ್ತರ ಆಪ್ತ ಸಮಾಲೋಚನಾ ವಿದ್ಯಾರ್ಥಿಗಳಿಗೆ ವೃತ್ತಿ ತರಬೇತಿ: ಒಂದು ಸಮಗ್ರ ಮಾರ್ಗದರ್ಶಿ

ಅನುಭವ ಹೆಚ್ಚಿದಂತೆಲ್ಲ ಆಪ್ತ ಸಮಾಲೋಚಕರು ತಾವಾಗಿಯೇ ಪಳಗುತ್ತಾರೆ ಎಂಬ ನಂಬಿಕೆ ನಮ್ಮ ವೃತ್ತಿಯಲ್ಲಿ ಆಳವಾಗಿ ಬೇರೂರಿದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡಿತು. 170 ಮನೋಚಿಕಿತ್ಸಕರು ಮತ್ತು ಅವರ ಬಳಿಗೆ ಬಂದ ಆರೂವರೆ ಸಾವಿರಕ್ಕೂ ಹೆಚ್ಚು ಜನರ ಫಲಿತಾಂಶಗಳನ್ನು ವರ್ಷಗಟ್ಟಲೆ ಗಮನಿಸಿದಾಗ, ಅನುಭವದೊಂದಿಗೆ ಫಲಿತಾಂಶ ಸುಧಾರಿಸುವ ಬದಲು ಒಟ್ಟಾರೆಯಾಗಿ ಅತ್ಯಲ್ಪ ಪ್ರಮಾಣದಲ್ಲಿ ಇಳಿದಿತ್ತು. ಕೆಲವು ಚಿಕಿತ್ಸಕರು ಮಾತ್ರ ಸುಧಾರಿಸುತ್ತಲೇ ಹೋಗಿದ್ದರು. ವಿದ್ಯಾರ್ಥಿ ದೆಸೆಯಲ್ಲಿ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇಲ್ಲಿಯೇ ಇದೆ: ನಾನು ಹಾಕುವ ಗಂಟೆಗಳು, ಕಟ್ಟುವ ಶುಲ್ಕ, ಸೇರುವ ಕಾರ್ಯಾಗಾರಗಳು ನನ್ನ ಕೆಲಸವನ್ನು ನಿಜವಾಗಿ ಬದಲಿಸುತ್ತಿವೆಯೇ, ಅಥವಾ ಕಡತದಲ್ಲಿ ಪ್ರಮಾಣಪತ್ರಗಳನ್ನಷ್ಟೇ ಹೆಚ್ಚಿಸುತ್ತಿವೆಯೇ?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕೆಲಸವನ್ನು ಇನ್ನೊಬ್ಬರು ಕಣ್ಣಾರೆ ಕಂಡು, ಕಿವಿಯಾರೆ ಕೇಳಿ, ಇದು ಸರಿ ಇದು ತಪ್ಪು ಎಂದು ನಿರ್ದಿಷ್ಟವಾಗಿ ಹೇಳುವ ಅವಕಾಶವಿರುವ ತರಬೇತಿಗೆ ಮೊದಲ ಸ್ಥಾನ ಕೊಡಿ. ಉಳಿದದ್ದೆಲ್ಲ ಅದರ ನಂತರ. ಮುಂದಿನ ಹೆಜ್ಜೆಗಳನ್ನು ಈ ದೃಷ್ಟಿಯಿಂದಲೇ ಬರೆದಿದ್ದೇನೆ.

ಹೆಜ್ಜೆ 1: ಪರವಾನಗಿಯ ನಿಯಮದಿಂದ ಹಿಂದಕ್ಕೆ ಲೆಕ್ಕ ಹಾಕಿ

ಪದವಿ ಮುಗಿದ ಮೇಲೆ ನೀವು ಎಲ್ಲಿ ಕೆಲಸ ಮಾಡಬೇಕೆಂದಿದ್ದೀರೋ ಅಲ್ಲಿನ ನೋಂದಣಿ ಅಥವಾ ಪರವಾನಗಿಯ ನಿಯಮಗಳನ್ನು ಮೊದಲ ಸೆಮಿಸ್ಟರಿನಲ್ಲಿಯೇ ಮೂಲ ದಾಖಲೆಯಿಂದ ಓದಿಕೊಳ್ಳಿ. ಹಿರಿಯ ವಿದ್ಯಾರ್ಥಿಗಳ ಬಾಯಿಮಾತನ್ನು ನಂಬಿ ಕೂರಬೇಡಿ, ಏಕೆಂದರೆ ನಿಯಮಗಳು ದೇಶದಿಂದ ದೇಶಕ್ಕೆ ಮಾತ್ರವಲ್ಲ, ಒಂದೇ ದೇಶದೊಳಗೂ ಬೇರೆಯಾಗಿರುತ್ತವೆ, ಆಗಾಗ ತಿದ್ದುಪಡಿಯೂ ಆಗುತ್ತವೆ. ಉದಾಹರಣೆಗೆ, ಅಮೆರಿಕದಲ್ಲಿ ಸಮಾಲೋಚನಾ ಕೋರ್ಸ್‌ಗಳಿಗೆ ಮಾನ್ಯತೆ ನೀಡುವ, 1981ರಲ್ಲಿ ಸ್ಥಾಪನೆಯಾದ ಸಿಎಸಿಆರ್‌ಇಪಿ ಸಂಸ್ಥೆಯು ಪ್ರಾಕ್ಟಿಕಮ್ ಎಂಬ ಮೊದಲ ಪ್ರಾಯೋಗಿಕ ಹಂತದಲ್ಲಿ ಕನಿಷ್ಠ 100 ಗಂಟೆಗಳನ್ನೂ, ಅದರೊಳಗೆ 40 ಗಂಟೆ ನೇರವಾಗಿ ಕ್ಲೈಂಟ್‌ಗಳೊಂದಿಗಿನ, ಅಂದರೆ ಸಮಾಲೋಚನೆಗೆ ಬರುವವರೊಂದಿಗಿನ, ಕೆಲಸವನ್ನೂ ಕೇಳುತ್ತದೆ. ಆ ಬಳಿಕ ಬರುವ ಇಂಟರ್ನ್‌ಶಿಪ್‌ನಲ್ಲಿ 600 ಗಂಟೆ, ಅದರಲ್ಲಿ 240 ನೇರ ಕೆಲಸ. ಬ್ರಿಟನ್ನಿನ ವೃತ್ತಿ ಸಂಸ್ಥೆಯಾದ ಬಿಎಸಿಪಿ ತಾನು ಮಾನ್ಯತೆ ನೀಡುವ ಕೋರ್ಸ್‌ಗಳಲ್ಲಿ ಸೂಪರ್‌ವಿಷನ್‌ನೊಂದಿಗೆ (ಅನುಭವಿ ಸಮಾಲೋಚಕರೊಬ್ಬರು ನಿಮ್ಮ ಕೆಲಸವನ್ನು ನಿಯಮಿತವಾಗಿ ಪರಿಶೀಲಿಸಿ ತಿದ್ದುವುದು) ಕನಿಷ್ಠ 100 ಗಂಟೆಗಳ ಅಭ್ಯಾಸವನ್ನು ಅಪೇಕ್ಷಿಸುತ್ತದೆ. ಮುಂದೆ ವೈಯಕ್ತಿಕ ಮಾನ್ಯತೆಗೆ ಅರ್ಜಿ ಹಾಕುವವರಿಗೆ 450 ಗಂಟೆಗಳು ಬೇಕು. ಅಂಕಿಗಳು ಹೀಗೆ ಬೇರೆಬೇರೆಯಾದರೂ ತಿರುಳು ಒಂದೇ. ಒಟ್ಟು ಗಂಟೆ ಬೇರೆ, ಮುಖಾಮುಖಿ ಕುಳಿತ ಗಂಟೆ ಬೇರೆ, ಸೂಪರ್‌ವಿಷನ್‌ನ ಗಂಟೆ ಬೇರೆ.

ಆದ್ದರಿಂದ ಗಂಟೆಗಳ ದಾಖಲೆಯನ್ನು ವಾರಕ್ಕೊಮ್ಮೆ ಬರೆಯಿರಿ. ದಿನಾಂಕ, ಅವಧಿ, ಕೆಲಸದ ಬಗೆ, ಒಬ್ಬರೊಂದಿಗೋ ಗುಂಪಿನೊಂದಿಗೋ, ಸೂಪರ್‌ವೈಸರ್ ಯಾರು ಎಂಬುದಿಷ್ಟು ಸಾಕು. ಕ್ಲೈಂಟ್‌ನ ಹೆಸರಾಗಲಿ ಗುರುತು ಸಿಗುವ ವಿವರವಾಗಲಿ ಅದರಲ್ಲಿ ಇರಕೂಡದು. ತಿಂಗಳು ತಿಂಗಳೂ ಸಹಿ ಮಾಡಿಸಿಕೊಳ್ಳಿ. ಸೂಪರ್‌ವೈಸರುಗಳು ಕೆಲಸ ಬದಲಿಸುತ್ತಾರೆ, ಸಂಸ್ಥೆಗಳು ಮುಚ್ಚುತ್ತವೆ, ಮತ್ತು ಎರಡು ವರ್ಷದ ಹಿಂದಿನ ಕೆಲಸಕ್ಕೆ ಸಹಿ ಹುಡುಕಿಕೊಂಡು ಅಲೆಯುವ ಸಂಕಟವನ್ನು ನಾನು ಹಲವು ವಿದ್ಯಾರ್ಥಿಗಳಲ್ಲಿ ಕಂಡಿದ್ದೇನೆ.

ಹೆಜ್ಜೆ 2: ನಿಮ್ಮ ಮಟ್ಟವನ್ನು ಅನಿಸಿಕೆಯಿಂದಲ್ಲ, ಪುರಾವೆಯಿಂದ ಅಳೆಯಿರಿ

ಯಾವ ತರಬೇತಿ ಬೇಕೆಂದು ನಿರ್ಧರಿಸುವ ಮೊದಲು ಎಲ್ಲಿ ಕೊರತೆಯಿದೆ ಎಂಬುದು ತಿಳಿಯಬೇಕು. ಇದನ್ನು ನಮ್ಮ ಅಂತರಂಗವನ್ನೇ ಕೇಳಿ ತಿಳಿಯಲಾಗದು. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಾನಸಿಕ ಆರೋಗ್ಯ ವೃತ್ತಿಯ 129 ಮಂದಿ ತಮ್ಮ ಕೌಶಲವನ್ನು ಸಹೋದ್ಯೋಗಿಗಳೊಂದಿಗೆ ಹೋಲಿಸಿ ತಾವೇ ಅಂಕ ಕೊಟ್ಟುಕೊಂಡಿದ್ದರು. ನಾಲ್ಕರಲ್ಲಿ ಒಬ್ಬರಷ್ಟು ಜನ ತಾವು ಅಗ್ರ ಶೇ. 10ರೊಳಗೆ ಬರುತ್ತೇವೆಂದರು, ಸರಾಸರಿಗಿಂತ ಕೆಳಗಿದ್ದೇನೆಂದು ಹೇಳಿದವರು ಒಬ್ಬರೂ ಇರಲಿಲ್ಲ. ಇವರನ್ನು ಅಹಂಕಾರಿಗಳೆಂದು ನಾನು ಕರೆಯಲಾರೆ. ಮುಚ್ಚಿದ ಬಾಗಿಲ ಹಿಂದೆ ಒಬ್ಬರೇ ಕೆಲಸ ಮಾಡುವ ಯಾರಿಗಾದರೂ ಹೋಲಿಕೆಗೆ ಬೇರೇನೂ ಸಿಗುವುದಿಲ್ಲ.

ಮೂರು ಮೂಲಗಳಿಂದ ಪುರಾವೆ ಸಂಗ್ರಹಿಸಬಹುದು. ಮೊದಲನೆಯದು ಕ್ಲೈಂಟ್‌ನ ಸ್ವಂತ ಮಾತು. ಸ್ಕಾಟ್ ಮಿಲ್ಲರ್ ಮತ್ತು ಬ್ಯಾರಿ ಡಂಕನ್ ರೂಪಿಸಿದ ಎರಡು ಪುಟ್ಟ ಮಾಪನಗಳಿವೆ. ಒಂದೊಂದರಲ್ಲಿಯೂ ನಾಲ್ಕೇ ಅಂಶಗಳು. ಭೇಟಿಯ ಆರಂಭದಲ್ಲಿ ಕೊಡುವ ಮಾಪನ ಆ ವಾರ ಹೇಗೆ ಕಳೆಯಿತು ಎಂಬುದನ್ನು ಕೇಳುತ್ತದೆ; ಕೊನೆಯಲ್ಲಿ ಕೊಡುವುದು ತನ್ನ ಮಾತನ್ನು ಸಮಾಲೋಚಕರು ಆಲಿಸಿದರೇ, ಬೇಕಾದ ವಿಷಯದ ಮೇಲೆಯೇ ಮಾತು ನಡೆಯಿತೇ ಎಂಬಂಥ ಅಂಶಗಳನ್ನು ಕೇಳುತ್ತದೆ. ಖಿನ್ನತೆಯ ಲಕ್ಷಣಗಳಿಗಾಗಿ ಒಂಬತ್ತು ಪ್ರಶ್ನೆಗಳ, 0ಯಿಂದ 27ರವರೆಗೆ ಅಂಕ ಬರುವ ಪಿಎಚ್‌ಕ್ಯು-9 ಉಚಿತವಾಗಿ ಲಭ್ಯ. ಆದರೆ ಅದರ ಒಂಬತ್ತನೆಯ ಪ್ರಶ್ನೆ ಸಾವಿನ ಮತ್ತು ಸ್ವಹಾನಿಯ ಆಲೋಚನೆಗಳ ಬಗ್ಗೆ ಇರುವುದರಿಂದ, ಕ್ಲೈಂಟ್ ಕೊಠಡಿಯಿಂದ ಹೊರಡುವ ಮುನ್ನ ಆ ಉತ್ತರವನ್ನು ಓದಿ, ಅದರ ಬಗ್ಗೆ ಮಾತನಾಡುವಷ್ಟು ಸಿದ್ಧತೆ ಇಲ್ಲದವರು ಆ ಹಾಳೆಯನ್ನು ಕೊಡಲೇಬಾರದು. ಎರಡನೆಯ ಮೂಲ ಸೂಪರ್‌ವೈಸರ್‌ನ ಲಿಖಿತ ಮೌಲ್ಯಮಾಪನ. ಮೂರನೆಯದು ಧ್ವನಿಮುದ್ರಣ, ಅದರ ಬಗ್ಗೆ ವಿವರವಾಗಿಯೇ ಹೇಳಬೇಕಿದೆ.

ಈ ಮೂರನ್ನೂ ಎದುರಿಗಿಟ್ಟುಕೊಂಡು ಒಂದು ಸೆಮಿಸ್ಟರಿಗೆ ಎರಡೇ ಎರಡು ಗುರಿಗಳನ್ನು ಬರೆದುಕೊಳ್ಳಿ. "ಉತ್ತಮ ಸಮಾಲೋಚಕಳಾಗಬೇಕು" ಎಂದು ಬರೆದರೆ ಅದು ಆಸೆ. "ಕ್ಲೈಂಟ್ ಅತ್ತಾಗ ಮಾತು ತುಂಬದೆ ಮೌನವಾಗಿರಲು ಕಲಿಯಬೇಕು" ಎಂದರೆ ಅದು ಗುರಿ, ಏಕೆಂದರೆ ಅದು ನಡೆಯಿತೋ ಇಲ್ಲವೋ ಎಂಬುದನ್ನು ಧ್ವನಿಮುದ್ರಣ ಕೇಳಿ ಹೇಳಬಹುದು.

ಹೆಜ್ಜೆ 3: ನಿಮ್ಮ ಧ್ವನಿಯನ್ನು ನೀವೇ ಕೇಳಿಸಿಕೊಳ್ಳಿ, ಸೂಪರ್‌ವೈಸರಿಗೂ ಕೇಳಿಸಿ

ಈ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆಯನ್ನು ಪಾಲಿಸಲು ನಿಮಗೆ ಸಾಧ್ಯವಿದ್ದರೆ, ಅದು ಇದಾಗಲಿ.

ಸಮಾಲೋಚನೆಯನ್ನು ಧ್ವನಿಮುದ್ರಿಸಿ ಅಧ್ಯಯನ ಮಾಡುವ ಪದ್ಧತಿಗೆ ದೊಡ್ಡ ಇತಿಹಾಸವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1940ರ ದಶಕದ ಆರಂಭದಲ್ಲಿಯೇ ಸಮಾಲೋಚನೆಗಳನ್ನು ಧ್ವನಿಮುದ್ರಿಸಿ, 1942ರಲ್ಲಿ ಒಂದು ಪ್ರಕರಣದ ಸಂಭಾಷಣೆಯನ್ನು ಆದಿಯಿಂದ ಅಂತ್ಯದವರೆಗೆ ಅಚ್ಚು ಹಾಕಿಸಿದರು. ಅಲ್ಲಿಯವರೆಗೆ ಗುರುವು ಕೇಳುತ್ತಿದ್ದುದು ಶಿಷ್ಯನು ನೆನಪಿನಿಂದ ಹೇಳಿದ ಕಥೆಯನ್ನು. ನೆನಪು ನಮಗೆ ಅನುಕೂಲವಾದುದನ್ನು ಉಳಿಸಿ, ಮುಜುಗರದ್ದನ್ನು ಬಿಟ್ಟುಬಿಡುತ್ತದೆ. ನನ್ನ ಮೊದಲ ಮುದ್ರಣವನ್ನು ಕೇಳುವ ಮೊದಲು ಆ ಭೇಟಿಯಲ್ಲಿ ನಾನು ಚೆನ್ನಾಗಿ ಆಲಿಸಿದ್ದೆನೆಂದೇ ನಂಬಿದ್ದೆ. ಕೇಳಿದಾಗ ತಿಳಿದದ್ದು ಬೇರೆ: ಎದುರಿಗಿದ್ದವರು ಪ್ರತಿ ಬಾರಿ ದುಃಖದ ಹತ್ತಿರ ಬಂದಾಗಲೂ ನಾನು ಒಂದು ಪ್ರಶ್ನೆ ಕೇಳಿ ಅವರನ್ನು ವಿವರಗಳ ಕಡೆಗೆ ತಿರುಗಿಸಿದ್ದೆ. ಯಾವ ಪಠ್ಯಪುಸ್ತಕವೂ ನನಗೆ ಇದನ್ನು ಹೇಳಿರಲಿಲ್ಲ, ಹೇಳಲು ಅದಕ್ಕೆ ಸಾಧ್ಯವೂ ಇರಲಿಲ್ಲ.

ಮುದ್ರಣಕ್ಕೆ ಮೊದಲು ಕ್ಲೈಂಟ್‌ನ ಲಿಖಿತ ಒಪ್ಪಿಗೆ ಬೇಕು. ಏಕೆ ಮುದ್ರಿಸಲಾಗುತ್ತದೆ, ಯಾರು ಕೇಳುತ್ತಾರೆ, ಎಲ್ಲಿ ಇರುತ್ತದೆ, ಯಾವಾಗ ಅಳಿಸಲಾಗುತ್ತದೆ ಎಂಬುದನ್ನು ಸರಳವಾಗಿ ತಿಳಿಸಿ. ಬೇಡವೆಂದರೆ ಸೇವೆಗೆ ಯಾವ ತೊಂದರೆಯೂ ಆಗದೆಂದೂ, ನಡುವೆ ಮನಸ್ಸು ಬದಲಿಸಬಹುದೆಂದೂ ಹೇಳಿ. ಸ್ವಂತ ಮೊಬೈಲ್‌ನಲ್ಲಿ ಮುದ್ರಿಸಿ, ಅದು ತಾನಾಗಿಯೇ ಇಂಟರ್ನೆಟ್ ಖಾತೆಗೆ ಏರುವಂತೆ ಬಿಡುವುದು ಗೋಪ್ಯತೆಯ ಗಂಭೀರ ಉಲ್ಲಂಘನೆ. ಸಂಸ್ಥೆ ಒಪ್ಪಿದ, ಎನ್‌ಕ್ರಿಪ್ಟ್ ಮಾಡಿದ ಸಾಧನವನ್ನಷ್ಟೇ ಬಳಸಿ.

ಅನಂತರದ ಕೆಲಸ ಹೀಗಿರಲಿ. ಐವತ್ತು ನಿಮಿಷಗಳ ಮುದ್ರಣದಿಂದ ಐದು ನಿಮಿಷದ ತುಣುಕನ್ನು ಆರಿಸಿ, ಅದೂ ನೀವು ಎಡವಿದ ತುಣುಕನ್ನು. ಅದನ್ನು ಅಕ್ಷರಶಃ ಬರೆದುಕೊಳ್ಳಿ. ಮೌನದ ಸೆಕೆಂಡುಗಳನ್ನೂ ಗುರುತಿಸಿ. ನಿಮ್ಮ ಪ್ರತಿ ಮಾತಿನ ಪಕ್ಕದಲ್ಲಿ ಆ ಕ್ಷಣದ ನಿಮ್ಮ ಉದ್ದೇಶವನ್ನೂ, ಈಗ ಹೇಳುವುದಾದರೆ ಏನು ಹೇಳುತ್ತಿದ್ದಿರಿ ಎಂಬುದನ್ನೂ ಬರೆಯಿರಿ. 1960ರ ದಶಕದಲ್ಲಿ ನಾರ್ಮನ್ ಕೇಗನ್ ಬೆಳೆಸಿದ ವಿಧಾನವೊಂದು ಇಲ್ಲಿ ಬಹಳ ನೆರವಾಗುತ್ತದೆ. ಮುದ್ರಣವನ್ನು ಬೇಕಾದಲ್ಲಿ ನಿಲ್ಲಿಸಿ, "ಆಗ ನಿನಗೆ ಏನನ್ನಿಸುತ್ತಿತ್ತು? ಏನು ಹೇಳಬೇಕೆಂದಿದ್ದೆ, ಆದರೆ ಹೇಳಲಿಲ್ಲ? ಏನಾದೀತೆಂದು ಹೆದರಿದೆ?" ಎಂದು ಜೊತೆಗಿರುವವರು ಕೇಳುತ್ತಾರೆ. ಅವರು ತೀರ್ಪು ಕೊಡುವುದಿಲ್ಲ, ಪಾಠವನ್ನೂ ಮಾಡುವುದಿಲ್ಲ. ಉತ್ತರ ಹುಡುಕುವುದು ನಿಮ್ಮ ಕೆಲಸ.

ಸೂಪರ್‌ವಿಷನ್‌ಗೆ ಹೋಗುವಾಗ ಈ ಹಾಳೆಯನ್ನೂ ಒಂದು ನಿರ್ದಿಷ್ಟ ಪ್ರಶ್ನೆಯನ್ನೂ ಒಯ್ಯಿರಿ. ಜಾನೀನ್ ಬರ್ನಾರ್ಡ್ 1979ರಲ್ಲಿ ಮಂಡಿಸಿದ ಮಾದರಿಯ ಪ್ರಕಾರ ಸೂಪರ್‌ವೈಸರ್ ಮೂರು ಪಾತ್ರಗಳನ್ನು ವಹಿಸಬಲ್ಲರು: ಕಲಿಸುವ ಶಿಕ್ಷಕ, ನಿಮ್ಮೊಳಗೆ ಏನಾಗುತ್ತಿದೆ ಎಂದು ನೋಡಲು ನೆರವಾಗುವ ಸಮಾಲೋಚಕ, ಸಮಾನರಾಗಿ ಕುಳಿತು ಚರ್ಚಿಸುವ ಸಲಹೆಗಾರ. ಇಂದು ನಿಮಗೆ ಯಾವುದು ಬೇಕೆಂದು ನೀವೇ ಕೇಳಬಹುದು. "ಈ ಕ್ಲೈಂಟ್ ಎದುರು ನನಗೆ ಕೋಪ ಬರುತ್ತಿದೆ, ಕಾರಣ ತಿಳಿಯುತ್ತಿಲ್ಲ" ಎಂದು ಹೇಳಿದ ವಿದ್ಯಾರ್ಥಿಗೆ ಒಂದು ಗಂಟೆಯಲ್ಲಿ ಸಿಗುವ ಕಲಿಕೆ, "ಎಲ್ಲ ಚೆನ್ನಾಗಿ ನಡೆಯುತ್ತಿದೆ" ಎಂದವರಿಗೆ ಒಂದು ಸೆಮಿಸ್ಟರಿನಲ್ಲಿಯೂ ಸಿಗದು. ಅಂಕ ಕೊಡುವವರ ಮುಂದೆ ತಪ್ಪನ್ನು ತೆರೆದಿಡುವುದು ಕಷ್ಟವೆಂಬುದು ನಿಜ. ಆದ್ದರಿಂದಲೇ ಮೊದಲ ಭೇಟಿಯಲ್ಲಿಯೇ ಮೌಲ್ಯಮಾಪನದ ಮಾನದಂಡಗಳನ್ನು ಕೇಳಿ ಬರೆದುಕೊಳ್ಳಿ. ಯಾವುದಕ್ಕೆ ಅಂಕ ಹೋಗುತ್ತದೆ ಎಂದು ತಿಳಿದರೆ ಅರ್ಧ ಭಯ ಇಳಿಯುತ್ತದೆ.

ಸೂಪರ್‌ವಿಷನ್ ಇಲ್ಲದ ದಿನಗಳಲ್ಲಿ ಸಹಪಾಠಿಯೊಬ್ಬರೊಂದಿಗೆ ಇಪ್ಪತ್ತು ನಿಮಿಷ ಒಂದೇ ಕೌಶಲವನ್ನು ಅಭ್ಯಾಸ ಮಾಡಿ. ಸಂಗೀತ ಕಲಿಯುವವರು ಒಂದೇ ಅಲಂಕಾರವನ್ನು ಮೂರು ಕಾಲದಲ್ಲಿ ಹಾಡಿ ಕೈವಶ ಮಾಡಿಕೊಳ್ಳುವಂತೆ, ಇಲ್ಲಿಯೂ ಒಂದೇ ಹೇಳಿಕೆಗೆ ಐದು ಬಗೆಯ ಪ್ರತಿಕ್ರಿಯೆಗಳನ್ನು ಕೊಟ್ಟು ನೋಡಬೇಕು. ಕ್ಲೈಂಟ್‌ಗಳು ಮಾತನಾಡುವ ಭಾಷೆಯಲ್ಲಿಯೇ ಈ ಅಭ್ಯಾಸ ನಡೆಯಲಿ. ಪಠ್ಯವನ್ನು ಒಂದು ಭಾಷೆಯಲ್ಲಿ ಓದಿ, ಜನರ ನೋವನ್ನು ಇನ್ನೊಂದು ಭಾಷೆಯಲ್ಲಿ ಕೇಳುವವರಿಗೆ ಇದು ಅತ್ಯಗತ್ಯ. ಪಾರಿಭಾಷಿಕ ಪದಗಳು ನಾಲಿಗೆಯ ತುದಿಯಲ್ಲಿದ್ದರೂ, ಸಂಕಟದಲ್ಲಿರುವವರಿಗೆ ಹೇಳಬೇಕಾದ ಸಾದಾ ಮಾತು ಆ ಹೊತ್ತಿಗೆ ಬಾಯಿಗೆ ಬರುವುದಿಲ್ಲ.

ಹೆಜ್ಜೆ 4: ತರಬೇತಿಗಳನ್ನು ಸರಿಯಾದ ಅನುಕ್ರಮದಲ್ಲಿ ಆರಿಸಿ

ಮೊದಲು ಕಲಿಯಬೇಕಾದದ್ದು ಪ್ರಾಣಾಪಾಯದ ಸಂದರ್ಭವನ್ನು ನಿಭಾಯಿಸುವುದು. ಆತ್ಮಹತ್ಯೆಯ ಆಲೋಚನೆಯ ಬಗ್ಗೆ ನೇರವಾಗಿ ಕೇಳಲು ಬಾರದ ವಿದ್ಯಾರ್ಥಿಯು ಕ್ಲೈಂಟ್‌ನ ಮುಂದೆ ಒಬ್ಬರೇ ಕೂರಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಎರಡು ದಿನಗಳ ಅಸಿಸ್ಟ್ ಎಂಬ ಕಾರ್ಯಾಗಾರವು ಪಾತ್ರಾಭಿನಯದ ಮೂಲಕ ಇದನ್ನು ಕಲಿಸುತ್ತದೆ. ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಸುರಕ್ಷತಾ ಯೋಜನೆಗೆ ಆರು ಹಂತಗಳಿವೆ: ಅಪಾಯದ ಮುನ್ಸೂಚನೆಗಳು, ತಾನೇ ಮಾಡಿಕೊಳ್ಳಬಹುದಾದ ಸಮಾಧಾನದ ಉಪಾಯಗಳು, ಮನಸ್ಸನ್ನು ಬೇರೆಡೆಗೆ ಸೆಳೆಯುವ ಜನ ಮತ್ತು ಜಾಗಗಳು, ಸಹಾಯ ಕೇಳಬಹುದಾದ ಆಪ್ತರು, ಸಂಪರ್ಕಿಸಬೇಕಾದ ವೃತ್ತಿಪರರು, ಹಾಗೂ ಸುತ್ತಲಿನ ಪರಿಸರದಿಂದ ಅಪಾಯಕಾರಿ ಸಾಧನಗಳನ್ನು ದೂರವಿಡುವುದು. ಇದನ್ನು ಬಾಯಿಪಾಠ ಮಾಡಿದರೆ ಸಾಲದು. ಸಹಪಾಠಿಯೊಂದಿಗೆ ಹತ್ತು ಬಾರಿಯಾದರೂ ಪೂರ್ತಿಯಾಗಿ ಬರೆದು ಅಭ್ಯಾಸ ಮಾಡಬೇಕು. ದುರಂತದ ತಕ್ಷಣದ ನೆರವಿಗೆ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಸಹಭಾಗಿ ಸಂಸ್ಥೆಗಳೊಂದಿಗೆ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಉಚಿತವಾಗಿ ಸಿಗುತ್ತದೆ. ಗಮನಿಸು, ಆಲಿಸು, ಬೆಸೆ ಎಂಬ ಮೂರು ಕ್ರಿಯೆಗಳ ಸುತ್ತ ಅದು ಕಟ್ಟಲ್ಪಟ್ಟಿದೆ. ಇದರ ಜೊತೆಗೆ ಗೋಪ್ಯತೆಯ ಮಿತಿಗಳು, ಮಕ್ಕಳ ಮೇಲಿನ ದೌರ್ಜನ್ಯ ತಿಳಿದುಬಂದಾಗ ಕಾನೂನು ವಿಧಿಸುವ ಕರ್ತವ್ಯ, ಆನ್‌ಲೈನ್ ಸಮಾಲೋಚನೆಯ ನಿಯಮಗಳು, ಇವೂ ಮೊದಲ ವರ್ಷದಲ್ಲಿಯೇ ಆಗಬೇಕು.

ಆ ಬಳಿಕ ಒಂದು ವಿಧಾನವನ್ನು ಆಳವಾಗಿ ಕಲಿಯಿರಿ. ವಿದ್ಯಾರ್ಥಿಗಳು ಇಲ್ಲಿಯೇ ಹೆಚ್ಚಾಗಿ ದಾರಿ ತಪ್ಪುತ್ತಾರೆ: ಒಂದು ವಾರಾಂತ್ಯ ಕಲಾ ಚಿಕಿತ್ಸೆ, ಇನ್ನೊಂದು ವಾರಾಂತ್ಯ ಮಾನಸಿಕ ಆಘಾತಕ್ಕೊಳಗಾದವರ ಚಿಕಿತ್ಸೆ, ಮತ್ತೊಂದು ತಿಂಗಳು ಬೇರೇನೋ. ಒಂದರ ತರ್ಕವೂ ಮೈಗೂಡುವ ಮೊದಲೇ ಮುಂದಿನದು ಶುರುವಾಗಿರುತ್ತದೆ. ಯೋಚನೆ ಮತ್ತು ನಡವಳಿಕೆಗಳನ್ನು ಬದಲಿಸಲು ನೆರವಾಗುವ ಕಾಗ್ನಿಟಿವ್ ಬಿಹೇವಿಯರ್ ಥೆರಪಿಯಾಗಲಿ, ವ್ಯಕ್ತಿಕೇಂದ್ರಿತ ಸಮಾಲೋಚನೆಯಾಗಲಿ, ಬದಲಾಗುವ ಇಚ್ಛೆಯನ್ನು ಕ್ಲೈಂಟ್‌ನಿಂದಲೇ ಹೊರತರುವ ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಆಗಲಿ, ನಿಮ್ಮ ಸೂಪರ್‌ವೈಸರಿಗೆ ಚೆನ್ನಾಗಿ ತಿಳಿದಿರುವುದನ್ನು ಆರಿಸಿಕೊಳ್ಳುವುದು ಜಾಣತನ, ಏಕೆಂದರೆ ಆಗ ಪ್ರತಿ ವಾರವೂ ಅದರ ತಿದ್ದುವಿಕೆ ಸಿಗುತ್ತದೆ.

ತಿದ್ದುವಿಕೆಗೆ ಏಕೆ ಇಷ್ಟು ಒತ್ತು ಕೊಡುತ್ತಿದ್ದೇನೆ ಎಂಬುದಕ್ಕೆ 2004ರಲ್ಲಿ ವಿಲಿಯಂ ಮಿಲ್ಲರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೇ ಆಧಾರ. ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಕಲಿಯಬಯಸಿದ 140 ವೃತ್ತಿಪರರನ್ನು ಐದು ಗುಂಪುಗಳಾಗಿ ವಿಂಗಡಿಸಲಾಗಿತ್ತು. ಒಂದು ಗುಂಪು ತಾನೇ ಓದಿ ಕಲಿಯಿತು, ಒಂದಕ್ಕೆ ಕಾರ್ಯಾಗಾರ ಮಾತ್ರ, ಉಳಿದವುಗಳಿಗೆ ಕಾರ್ಯಾಗಾರದೊಂದಿಗೆ ಮುದ್ರಣ ಆಧರಿಸಿದ ಪ್ರತಿಕ್ರಿಯೆ, ಅಥವಾ ವೈಯಕ್ತಿಕ ಮಾರ್ಗದರ್ಶನ, ಅಥವಾ ಎರಡೂ. ಪ್ರತಿಕ್ರಿಯೆಯೋ ಮಾರ್ಗದರ್ಶನವೋ ಸಿಕ್ಕವರ ಕೌಶಲ ಹೆಚ್ಚು ಬೆಳೆಯಿತು. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯೂ ಬೆಳಕಿಗೆ ಬಂತು: ತಮ್ಮ ಕೌಶಲದ ಬಗ್ಗೆ ಅವರೇ ಹೇಳಿಕೊಂಡದ್ದಕ್ಕೂ, ಮುದ್ರಣದಲ್ಲಿ ಕಂಡದ್ದಕ್ಕೂ ಸಂಬಂಧವೇ ಇರಲಿಲ್ಲ.

ಹೀಗಾಗಿ ಯಾವುದೇ ಕಾರ್ಯಾಗಾರಕ್ಕೆ ಶುಲ್ಕ ಕಟ್ಟುವ ಮೊದಲು ಸಂಘಟಕರಿಗೆ ಈ ಪ್ರಶ್ನೆಗಳನ್ನು ಬರೆದು ಕಳುಹಿಸಿ. ನನ್ನ ಅಭ್ಯಾಸವನ್ನು ಯಾರಾದರೂ ನೋಡಿ ತಿದ್ದುತ್ತಾರೆಯೇ? ಒಬ್ಬ ತರಬೇತುದಾರರಿಗೆ ಎಷ್ಟು ಮಂದಿ ಕಲಿಯುವವರಿರುತ್ತಾರೆ? ಮುಗಿದ ಮೇಲೆ ಮುಂದುವರಿದ ಮಾರ್ಗದರ್ಶನ ಇದೆಯೇ? ತರಬೇತುದಾರರು ಈಗಲೂ ಕ್ಲೈಂಟ್‌ಗಳನ್ನು ನೋಡುತ್ತಾರೆಯೇ? ಈ ಗಂಟೆಗಳನ್ನು ನನ್ನ ಪರವಾನಗಿ ಮಂಡಳಿ ಒಪ್ಪುತ್ತದೆಯೇ? ವಿದ್ಯಾರ್ಥಿಗಳಿಗೆ ಪ್ರವೇಶವಿದೆಯೇ? ಕೊನೆಯ ಪ್ರಶ್ನೆ ಚಿಕ್ಕದಲ್ಲ. ಕೆಲವು ಉನ್ನತ ತರಬೇತಿಗಳು ಪರವಾನಗಿ ಪಡೆದವರಿಗೆ ಅಥವಾ ಸೂಪರ್‌ವಿಷನ್‌ನಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವವರಿಗೆ ಮಾತ್ರ ಮೀಸಲು. ಎರಡೇ ದಿನಗಳಲ್ಲಿ "ತಜ್ಞ" ಎಂಬ ಬಿರುದು ಕೊಡುವ ಜಾಹೀರಾತನ್ನು ಕಂಡರೆ ಹಣವನ್ನು ಉಳಿಸಿಕೊಳ್ಳಿ.

ಹಣದ ಕೊರತೆಯಿಂದ ಯಾರೂ ಹಿಂದೆ ಉಳಿಯಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಾಬ್ಲಮ್ ಮ್ಯಾನೇಜ್‌ಮೆಂಟ್ ಪ್ಲಸ್ ಎಂಬ ಕೈಪಿಡಿ 2016ರಿಂದ ಉಚಿತವಾಗಿ ಲಭ್ಯವಿದೆ. ಐದು ಭೇಟಿಗಳಲ್ಲಿ ಒತ್ತಡ ನಿರ್ವಹಣೆ, ಸಮಸ್ಯೆ ನಿರ್ವಹಣೆ, ಚಟುವಟಿಕೆಗೆ ಮರಳುವುದು, ಸಾಮಾಜಿಕ ಬೆಂಬಲವನ್ನು ಗಟ್ಟಿಗೊಳಿಸುವುದು ಎಂಬ ನಾಲ್ಕು ಕಾರ್ಯತಂತ್ರಗಳನ್ನು ಅದು ಕಲಿಸುತ್ತದೆ. ನಾಲ್ಕು ಜನ ಸಹಪಾಠಿಗಳು ಸೇರಿ, ಒಬ್ಬ ಅನುಭವಿ ಸೂಪರ್‌ವೈಸರನ್ನು ಒಪ್ಪಿಸಿ ಅದನ್ನು ಓದಿ ಅಭ್ಯಾಸ ಮಾಡಿದರೆ, ದುಬಾರಿ ಕಾರ್ಯಾಗಾರಕ್ಕಿಂತ ಅದು ಕಡಿಮೆಯೇನಲ್ಲ.

ಹೆಜ್ಜೆ 5: ಸಹಾಯವಾಣಿಯಲ್ಲಿ ಕಿವಿ ಪಳಗಿಸಿಕೊಳ್ಳಿ

ಚಾಡ್ ವಾರಾ 1953ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ಸಮಾರಿಟನ್ಸ್ ಸಂಸ್ಥೆ, ಸಂಕಟದಲ್ಲಿರುವವರ ಕರೆಗೆ ತರಬೇತಿ ಪಡೆದ ಸ್ವಯಂಸೇವಕರು ಕಿವಿಗೊಡುವ ದಾರಿಯನ್ನು ತೋರಿಸಿತು. ಇಂಥ ಸಹಾಯವಾಣಿಗಳು ಹಲವು ದೇಶಗಳಲ್ಲಿ ಸ್ವಯಂಸೇವಕರಿಗೆ ತಾವೇ ತರಬೇತಿ ಕೊಡುತ್ತವೆ. ಮುಖ ಕಾಣದೆ ಧ್ವನಿಯೊಂದನ್ನೇ ಹಿಡಿದು ಆಲಿಸುವುದರಿಂದ ಬರುವ ಸೂಕ್ಷ್ಮತೆ ಬೇರೆಡೆ ಸುಲಭಕ್ಕೆ ದಕ್ಕದು. ಆದರೆ ಸೇರುವ ಮೊದಲು ಎರಡು ಸಂಗತಿಗಳನ್ನು ಖಚಿತಪಡಿಸಿಕೊಳ್ಳಿ: ಕರೆ ಮುಗಿದ ಮೇಲೆ ನಿಮ್ಮೊಂದಿಗೆ ಮಾತನಾಡಲು ಹಿರಿಯರೊಬ್ಬರು ಇರುತ್ತಾರೆಯೇ, ಮತ್ತು ಈ ಗಂಟೆಗಳು ಕೋರ್ಸಿಗೆ ಲೆಕ್ಕವಾಗುತ್ತವೆಯೇ. ಎರಡನೆಯದಕ್ಕೆ ಉತ್ತರ ಇಲ್ಲವೆಂದಾದರೂ ಸೇರಬಹುದು. ಮೊದಲನೆಯದಕ್ಕೆ ಇಲ್ಲವೆಂದಾದರೆ ಸೇರಬೇಡಿ.

ಹೆಜ್ಜೆ 6: ವೃತ್ತಿ ಸಂಸ್ಥೆಗಳು ಮತ್ತು ಸಮ್ಮೇಳನಗಳು

ವೃತ್ತಿ ಸಂಸ್ಥೆಗಳಲ್ಲಿ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಕಡಿಮೆ ಶುಲ್ಕದ ಸದಸ್ಯತ್ವವಿರುತ್ತದೆ. 1952ರಲ್ಲಿ ಸ್ಥಾಪನೆಯಾದ ಅಮೆರಿಕನ್ ಕೌನ್ಸೆಲಿಂಗ್ ಅಸೋಸಿಯೇಷನ್, 1985ರಲ್ಲಿ ಶುರುವಾದ ಚೈ ಸಿಗ್ಮಾ ಅಯೋಟಾ ಗೌರವ ಸಂಘ ಇಂಥವು. ನಿಮ್ಮ ದೇಶದಲ್ಲಿಯೂ ಅದರದೇ ಆದ ಸಂಸ್ಥೆ ಇರಬಹುದು. ಒಂದಕ್ಕೆ ಸೇರಿದರೆ ಸಾಕು. ಸಮ್ಮೇಳನಕ್ಕೆ ಹೋಗುವ ಖರ್ಚು ಹೆಚ್ಚೆನಿಸಿದರೆ ಸ್ವಯಂಸೇವಕರಾಗಿ ಬರುವವರಿಗೆ ಶುಲ್ಕ ವಿನಾಯಿತಿ ಉಂಟೇ ಎಂದು ಕೇಳಿ. ಮೊದಲ ಬಾರಿಗೆ ಮಂಡಿಸುವವರಿಗೆ ಪೋಸ್ಟರ್ ಒಳ್ಳೆಯ ಆರಂಭ. ತರಗತಿಗೆಂದು ಬರೆದ ಪ್ರಬಂಧವನ್ನೇ ಒಂದು ಸ್ಪಷ್ಟ ಪ್ರಶ್ನೆಯ ಸುತ್ತ ಕಿರಿದುಗೊಳಿಸಿ ಕಳುಹಿಸಬಹುದು. ಕ್ಲೈಂಟ್‌ನ ಕಥೆಯನ್ನು ಬಳಸುವುದಾದರೆ ಹೆಸರು ಬದಲಿಸಿದರೆ ಸಾಲದು. ಒಪ್ಪಿಗೆ ಬೇಕು, ಸಂಸ್ಥೆಯ ಅನುಮತಿಯೂ ಬೇಕು.

ಹೆಜ್ಜೆ 7: ಎದುರಿನ ಕುರ್ಚಿಯಲ್ಲಿಯೂ ಒಮ್ಮೆ ಕುಳಿತುಕೊಳ್ಳಿ

ಕೆಲವು ಕೋರ್ಸ್‌ಗಳು ವಿದ್ಯಾರ್ಥಿಗಳು ಸ್ವತಃ ಸಮಾಲೋಚನೆ ಪಡೆಯುವುದನ್ನು ಕಡ್ಡಾಯ ಮಾಡಿವೆ, ಕೆಲವು ಮಾಡಿಲ್ಲ. ನಿಯಮವಿಲ್ಲದಿದ್ದರೂ ಪಡೆಯಿರಿ ಎನ್ನುತ್ತೇನೆ. ಹೇಳಬೇಕೆಂದುಕೊಂಡ ಮಾತು ಗಂಟಲಲ್ಲಿ ನಿಲ್ಲುವುದು, ಗಡಿಯಾರದ ಕಡೆ ಸರಿದ ಸಮಾಲೋಚಕರ ಕಣ್ಣನ್ನು ಕಂಡು ಮನಸ್ಸು ಮುದುಡುವುದು, ಇವನ್ನು ಅನುಭವಿಸಿದವರು ತಮ್ಮ ಕೊಠಡಿಯಲ್ಲಿ ಬೇರೆಯಾಗಿಯೇ ಕೂರುತ್ತಾರೆ. ನಿಮ್ಮ ಸೂಪರ್‌ವೈಸರಾಗಲಿ ಅಧ್ಯಾಪಕರಾಗಲಿ ನಿಮ್ಮ ಸಮಾಲೋಚಕರಾಗಕೂಡದು. ಅಂಕ ಕೊಡುವವರ ಮುಂದೆ ಮನಸ್ಸು ಬಿಚ್ಚುವುದು ಇಬ್ಬರಿಗೂ ಕ್ಷೇಮವಲ್ಲ. ನಿದ್ದೆ ಕೆಡುವುದು, ಕ್ಲೈಂಟ್ ಬರಲಿಲ್ಲವೆಂದು ಒಳಗೊಳಗೇ ನೆಮ್ಮದಿಯಾಗುವುದು, ಎಲ್ಲರ ಕಥೆಯೂ ಒಂದೇ ಎನಿಸುವುದು ದಣಿವಿನ ಲಕ್ಷಣಗಳು. ಇವನ್ನು ಸೂಪರ್‌ವಿಷನ್‌ನಲ್ಲಿ ಹೇಳಿಕೊಳ್ಳುವುದೂ ವೃತ್ತಿಧರ್ಮದ ಭಾಗವೇ.

ಹೆಜ್ಜೆ 8: ಇಂಟರ್ನ್‌ಶಿಪ್ ಮುಗಿಯುವ ಎರಡು ತಿಂಗಳ ಮೊದಲು

ಕ್ಲೈಂಟ್‌ಗಳಿಗೆ ನಿಮ್ಮ ಕೊನೆಯ ದಿನಾಂಕವನ್ನು ಈಗಲೇ ತಿಳಿಸಿ, ಯಾರನ್ನು ಯಾವ ಸಮಾಲೋಚಕರಿಗೆ ಒಪ್ಪಿಸಬೇಕೆಂದು ಸೂಪರ್‌ವೈಸರ್‌ನೊಂದಿಗೆ ನಿರ್ಧರಿಸಿ. ಬಿಟ್ಟುಹೋಗುವಿಕೆಯ ನೋವು ಇರುವವರಿಗೆ ಕೊನೆಯ ಭೇಟಿಗಳೇ ಅತ್ಯಂತ ಮುಖ್ಯವಾಗಬಹುದು. ಅವುಗಳ ಒಂದು ಮುದ್ರಣವನ್ನಾದರೂ ಸೂಪರ್‌ವಿಷನ್‌ಗೆ ಒಯ್ಯಿರಿ. ಶಿಫಾರಸು ಪತ್ರ ಕೇಳುವಾಗ, ನೀವು ಸೆಮಿಸ್ಟರ್‌ಗೆ ಎರಡರಂತೆ ಬರೆದ ಗುರಿಗಳನ್ನೂ ಅವು ಎಷ್ಟರ ಮಟ್ಟಿಗೆ ಈಡೇರಿದವು ಎಂಬುದನ್ನೂ ಒಂದು ಪುಟದಲ್ಲಿ ಕೊಡಿ. ಆಗ ಪತ್ರ ಬರೆಯುವವರಿಗೆ ನಿಜವಾದ ಸಂಗತಿಗಳು ಸಿಗುತ್ತವೆ. ಗಂಟೆಗಳ ದಾಖಲೆಯ ಪ್ರತಿ ಪುಟಕ್ಕೂ ಸಹಿ ಬಿದ್ದಿದೆಯೇ ನೋಡಿ, ಎರಡು ಪ್ರತಿಗಳನ್ನು ಬೇರೆಬೇರೆ ಕಡೆ ಇಡಿ. ಕೊನೆಯ ದಿನ ಸಂಸ್ಥೆಯಿಂದ ಹೊರಡುವ ಮುನ್ನ, ಒಪ್ಪಿಗೆ ಪತ್ರದಲ್ಲಿ ಮಾತು ಕೊಟ್ಟಂತೆ ಮುದ್ರಣಗಳನ್ನೆಲ್ಲ ಅಳಿಸಿ, ಅಳಿಸಿದ ದಿನಾಂಕವನ್ನು ಕಡತದಲ್ಲಿ ಬರೆದಿಡಿ.